ನಾಲ್ಕು ಚೌಕದ ಮನುಷ್ಯ

ಮೂವರನ್ನು ಸೇರಿಸಿ ಒಬ್ಬರನ್ನಾಗಿ ಮಾಡಿದವಳು ನಾನು. ಬೇಕೆಂದೇ ಮಾಡಿದ್ದಲ್ಲ, ಆದರೆ ತಪ್ಪು ನನ್ನದಲ್ಲ ಎಂದು ಈಗ ಹೇಳಲು ಹೊರಟರೆ ಉತ್ತರದ ಹಿಮದಂಚಿನ ನಮ್ಮೂರು ಪಾಕ್ವಾಸೀಪಿಯ ನಾಯಿಗಳೂ ನಗುತ್ತವೆ. ಕೌನ್ಸಿಲ್ ಆಫೀಸಿನಲ್ಲಿ ಊರಿನವರ ದಾಖಲೆ ನೋಡಿಕೊಳ್ಳುವವಳು ನಾನೊಬ್ಬಳೇ. ಇಪ್ಪತ್ತೆರಡು ವರ್ಷಗಳಿಂದ ಹುಟ್ಟು, ಸಾವು, ಮದುವೆ, ಹಲ್ಲಿನ ಸೆಟ್ಟು ಎಲ್ಲವೂ ನನ್ನ ಕೈ ದಾಟಿಯೇ ದಕ್ಷಿಣದ ಸರ್ಕಾರಿ ಕಚೇರಿಗಳಿಗೆ ಹೋಗಬೇಕು.

ಆ ವರ್ಷ ನಮ್ಮ ಕ್ರೀ ಭಾಷೆಯ ಅಕ್ಷರಗಳಿಗೆ ನಂಬರು ಸಿಕ್ಕಿತ್ತು. ಕಂಪ್ಯೂಟರಿಗೆ ಅಕ್ಷರ ಗೊತ್ತಾಗುವುದಿಲ್ಲ, ನಂಬರು ಮಾತ್ರ ಗೊತ್ತಾಗುತ್ತದೆ. ಜಗತ್ತಿನ ಲಿಪಿಗಳ ಒಂದೊಂದು ಅಕ್ಷರಕ್ಕೂ ಒಂದೊಂದು ನಂಬರು ಹಂಚುವ ಸಮಿತಿಯೊಂದು ಎಲ್ಲೋ ಇದೆ. ಅದು ಕೊನೆಗೂ ನಮ್ಮ ತ್ರಿಕೋನ, ಕೊಕ್ಕೆ, ಚುಕ್ಕೆಗಳ ಕಡೆ ಕಣ್ಣು ಹಾಯಿಸಿತ್ತು. ಊರಿನ ರೇಡಿಯೋದಲ್ಲಿ ಈ ಸುದ್ದಿ ಓದಿದವಳೂ ನಾನೇ. ಪ್ರಾರ್ಥನೆ ಪುಸ್ತಕದಲ್ಲಿ, ಬೇಟೆ ಬಿಡಾರದಲ್ಲಿ ಬಿಟ್ಟುಹೋದ ಚೀಟಿಗಳಲ್ಲಿ, ಅಮ್ಮನ ಹಳೇ ಕಾಗದಗಳಲ್ಲಿ ಮಾತ್ರ ಬದುಕಿದ್ದ ಅಕ್ಷರಗಳು ಅವು. ಸುದ್ದಿ ಮುಗಿಯುವ ಮೊದಲೇ ಅಬ್ನರಜ್ಜ ರೇಡಿಯೋಗೆ ಫೋನು ಮಾಡಿದ.

“ಏ ರೋಡಾ, ಮೊದ್ಲು ಸರ್ಕಾರದೋರು ನಮಗೆಲ್ಲ ನಂಬರ್ ಹಾಕಿದ್ರು. ಈಗ ನಮ್ ಅಕ್ಷರಕ್ಕೂ ಹಾಕಿದ್ರಾ? ಹೆಬ್ಬಾತುಗಳಿಗೆ ಯಾವಾಗ್ ಹಾಕ್ತಾರಂತೆ?”

ಊರೆಲ್ಲ ನಕ್ಕಿತು. ನಾನು ನಗಲಿಲ್ಲ. ಹೊಸ ಕಂಪ್ಯೂಟರು ತರಿಸಿದೆ. ಅದೇ ತಿಂಗಳು ದಕ್ಷಿಣದ ಆರೋಗ್ಯ ಇಲಾಖೆಯಿಂದ ಹೊಸ ಕಾರ್ಡಿನ ಅರ್ಜಿಗಳು ಬಂದವು. ‘ಹೆಸರನ್ನು ನೀವು ಬರೆಯುವಂತೆಯೇ ಬರೆಯಿರಿ’ ಎಂದಿತ್ತು. ಹಾಗಂದ ಮೇಲೆ ನನ್ನನ್ನು ಹಿಡಿಯುವವರು ಯಾರು? ಊರಿನ ಹಿರಿಯರ ಹೆಸರುಗಳನ್ನೆಲ್ಲ ನಮ್ಮ ಅಕ್ಷರದಲ್ಲೇ ಹೊಡೆದು, ಕಳುಹಿಸುವ ಗುಂಡಿ ಒತ್ತಿ, ಗೆದ್ದವಳಂತೆ ಚಹಾ ಕುಡಿದೆ.

ಆದರೆ ನಂಬರು ಸಿಕ್ಕ ಸುದ್ದಿ ಇಲಾಖೆಯ ಹಳೇ ಯಂತ್ರಕ್ಕೆ ಇನ್ನೂ ಮುಟ್ಟಿರಲಿಲ್ಲ. ಗುರುತು ಸಿಗದ ಅಕ್ಷರ ಬಂದಾಗಲೆಲ್ಲ ಅದು ಒಂದು ಖಾಲಿ ಚೌಕ ಬರೆದುಕೊಂಡು ಸುಮ್ಮನಾಗುತ್ತಿತ್ತು. ಕಾರ್ಡುಗಳು ಬಂದಾಗ ಹಿರಿಯರ ಹೆಸರಿನ ಜಾಗದಲ್ಲೆಲ್ಲ ಚೌಕಗಳ ಸಾಲು. ಐದಕ್ಷರದವರಿಗೆ ಐದು, ಆರಕ್ಷರದವರಿಗೆ ಆರು. ಡಿನಾಜ್ಜಿ, ಅಬ್ನರಜ್ಜ, ಅವನ ತಂಗಿ ಥಿರ್ಜಾಜ್ಜಿ, ಈ ಮೂವರೂ ನಾಲ್ಕಕ್ಷರದವರು. ಮೂವರಿಗೂ ಸೇರಿ ಒಂದೇ ಕಾರ್ಡು ಬಂದಿತ್ತು: □□□□.

ಹುಟ್ಟಿದ ದಿನದ ಮೇಲಾದರೂ ಮೂವರನ್ನು ಬೇರೆ ಮಾಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅಲ್ಲೂ ನಾನೇ. ಹಿಂದೊಮ್ಮೆ ಹುಟ್ಟಿದ ದಿನ ಬರೆದುಕೊಳ್ಳಲು ಕೂತಾಗ ಮೂವರೂ “ಹೆಬ್ಬಾತು ಬಂದಾಗ” ಅಂದಿದ್ದರು. ಯಾವ ವರ್ಷ ಅಂದರೆ “ಮೊಲಗಳೆಲ್ಲ ಸತ್ತೋದ ವರ್ಷ”. ನಮ್ಮಲ್ಲಿ ಇದಕ್ಕಿಂತ ಸ್ಪಷ್ಟವಾದ ಉತ್ತರ ಇಲ್ಲ. ನಾನು ಮೂವರಿಗೂ ಸಾವಿರದ ಒಂಬೈನೂರ ಇಪ್ಪತ್ತೊಂದು, ಮೇ ಒಂದು ಎಂದು ಹಾಕಿದ್ದೆ. ಊರು ಒಂದು, ದಿನ ಒಂದು, ಚೌಕ ನಾಲ್ಕು. ಯಂತ್ರಕ್ಕೆ ಅನುಮಾನ ಬರಲು ಕಾರಣವೇ ಇರಲಿಲ್ಲ.

ಮೊದಮೊದಲು ಇದು ತಮಾಷೆಯಾಗಿಯೇ ಇತ್ತು. ಕಾರ್ಡನ್ನು ವಾರಕ್ಕೊಬ್ಬರಂತೆ ಇಟ್ಟುಕೊಂಡರು. ತಮಾಷೆ ನಿಂತದ್ದು ಮಾರ್ಚ್ ತಿಂಗಳಲ್ಲಿ, ಡಿನಾಜ್ಜಿಯ ಕಣ್ಣಿನ ಆಪರೇಷನ್ನಿಗೆ ನಾನು ಬರೆದ ಅರ್ಜಿ ತಿರಸ್ಕೃತವಾಗಿ ಬಂದಾಗ. ‘ಈ ವ್ಯಕ್ತಿಯ ಎರಡೂ ಕಣ್ಣುಗಳ ಪೊರೆಯನ್ನು ಕಳೆದ ಶರತ್ಕಾಲದಲ್ಲೇ ತೆಗೆಯಲಾಗಿದೆ’ ಎಂದಿತ್ತು. ತೆಗೆಸಿಕೊಂಡವನು ಅಬ್ನರಜ್ಜ. ಆಮೇಲೆ ಮೂರು ತಿಂಗಳು ಊರಿಡೀ ತಿರುಗಿ, ಯಾರ ಮನೆಯ ಸೂರಿನ ಮೊಳೆ ತುಕ್ಕು ಹಿಡಿದಿದೆ ಎಂದು ಹೇಳುತ್ತ ಎಲ್ಲರ ತಲೆ ತಿಂದಿದ್ದ.

ಡಿನಾಜ್ಜಿಗೆ ಕಣ್ಣು ಬೇಕಾಗಿದ್ದದ್ದು ಮೊಳೆ ನೋಡುವುದಕ್ಕಲ್ಲ. ಅವಳ ಮರಿಮಗಳು ಪಿಪುನ್‌ಗೆ ಇನ್ನೂ ‘ಹೊರನಡಿಗೆ’ ಆಗಿರಲಿಲ್ಲ. ಅದು ಆಗುವವರೆಗೆ ನಮ್ಮಲ್ಲಿ ಮಗುವಿನ ಪಾದ ಮನೆಯಾಚೆ ನೆಲಕ್ಕೆ ತಾಗಬಾರದು. ಹೊರನಡಿಗೆಯ ಬೆಳಿಗ್ಗೆ ಹಿರಿಯಳೊಬ್ಬಳು ಮಗುವಿನ ಕೈ ಹಿಡಿದು ಗುಡಾರದಿಂದ ಹೊರಗೆ ನಡೆಸಿ, ಸೂರ್ಯನ ಕಡೆ ಹೆಜ್ಜೆ ಹಾಕಿಸಿ, ಮರ ಸುತ್ತಿಸಿ ಕರೆದುಕೊಂಡು ಬರುತ್ತಾಳೆ. ಡಿನಾಜ್ಜಿ ಹದಿನೇಳು ಮಕ್ಕಳನ್ನು ಹಾಗೆ ನಡೆಸಿದ್ದಳು. ಹದಿನೆಂಟನೆಯದಕ್ಕೆ ಹಟ ಹಿಡಿದಿದ್ದಳು.

“ಅದರ ಪಾದ ನನ್ ಕಣ್ಣಿಗೆ ಕಾಣೋ ತನಕ ನಾನು ನಡ್ಸಲ್ಲ. ಬೇರೆಯೋರು ನಡ್ಸೋಕೂ ಬಿಡಲ್ಲ. ಮೊದಲ ಹೆಜ್ಜೆ ಎಲ್ಲಿ ಬಿತ್ತು ಅಂತ ನೋಡ್ದೆ ಹೆಂಗೆ ಕೈ ಹಿಡೀಲಿ?”

ಪಿಪುನ್‌ಗೆ ಎರಡು ವರ್ಷ ತುಂಬುತ್ತಿತ್ತು. ಬೀವರ್ ಮಾಂಸ ತಿಂದು ತಿಂದು ಗುಂಡುಕಲ್ಲಿನಂತಾಗಿದ್ದಳು. ಮನೆಯೊಳಗೆ ಓಡುತ್ತಿದ್ದ ಮಗುವನ್ನು ಹೊಸ್ತಿಲಿಗೆ ಬಂದ ಕೂಡಲೇ ಎತ್ತಿಕೊಳ್ಳಬೇಕು, ಅಂಗಡಿಗೂ ಎತ್ತಿಕೊಂಡು ಹೋಗಬೇಕು, ಚರ್ಚಿಗೂ ಎತ್ತಿಕೊಂಡು ಹೋಗಬೇಕು. ಅವಳಮ್ಮನ ಸೊಂಟ ಉಳುಕಿತ್ತು, ಅಪ್ಪನ ತೋಳು ಊದಿತ್ತು. ಕೊನೆಗೆ ನೆಂಟರೆಲ್ಲ ಸರದಿ ಹಾಕಿಕೊಂಡಿದ್ದರು. ಮಂಗಳವಾರ ನನ್ನ ಸರದಿ.

ನಾನು ಇಲಾಖೆಗೆ ಫೋನು ಮಾಡಿದೆ. ಸೊಲಾಂಜ್ ಎಂಬ ಹೆಂಗಸು ಎತ್ತಿದಳು. ದನಿ ಕೇಳಿದರೆ ಬೈಯಲು ಮನಸ್ಸು ಬಾರದಷ್ಟು ಮೃದು.

“ಅಯ್ಯೋ, ನಾಲ್ಕು ಚೌಕದವರಾ? ಅವರ ಫೈಲು ದಿನಾ ನೋಡ್ತೀನಿ ರೀ. ಪಾಪ, ಎಂಥಾ ಬದುಕು! ಒಂಬತ್ತು ಹೆರಿಗೆ, ಆಮೇಲೆ ಗಂಡಸರ ಗ್ರಂಥಿಯ ತೊಂದರೆ, ಬಲಗಿವಿ ಪೂರ್ತಿ ಹೋಗಿದೆ, ಎರಡು ಸೆಟ್ ಹಲ್ಲು. ಇಷ್ಟಾದ್ರೂ ಹೇಗೆ ಬದುಕಿದಾರೆ?”

“ಅವ್ರು ಮೂರು ಜನ ಕಣಮ್ಮಾ.”

“ದಾಖಲೆಯಲ್ಲಿ ಒಬ್ಬರೇ ಇದಾರೆ.”

“ಹೆಸ್ರು ತಿದ್ದಿ. ಇಂಗ್ಲಿಷ್ ಅಕ್ಷರದಲ್ಲೇ ಬರ್ಕೊಡ್ತೀನಿ. ನನ್ ಮರ್ಯಾದೆ ಹೋದ್ರೆ ಹೋಗ್ಲಿ.”

“ಖಂಡಿತ. ಅರ್ಜಿಯಲ್ಲಿ ಈಗಿನ ಹೆಸರು, ಹೊಸ ಹೆಸರು ಎರಡೂ ಬರೀಬೇಕು. ಈಗಿನ ಹೆಸರು ನಮ್ಮ ದಾಖಲೆಯಲ್ಲಿ ಇರೋ ಹಾಗೇ ಇರಬೇಕು.”

ದಾಖಲೆಯಲ್ಲಿದ್ದದ್ದು ಚೌಕಗಳು. ನನ್ನ ಕೀಲಿಮಣೆಯಲ್ಲಿ ನಮ್ಮ ಅಕ್ಷರಗಳೆಲ್ಲ ಇದ್ದವು, ಖಾಲಿ ಚೌಕ ಮಾತ್ರ ಇರಲಿಲ್ಲ. ಸ್ಕೇಲು ಹಿಡಿದು ಪೆನ್ನಿನಲ್ಲಿ ನಾಲ್ಕು ಚೌಕ ಎಳೆದು ಕಳುಹಿಸಿದೆ. ‘ಈಗಿನ ಹೆಸರಿನ ಜಾಗವನ್ನು ಖಾಲಿ ಬಿಡಲಾಗಿದೆ’ ಎಂಬ ಉತ್ತರದೊಂದಿಗೆ ವಾಪಸು ಬಂತು. ಅದೇ ವಿಮಾನದಲ್ಲಿ ಇನ್ನೊಂದು ಲಕೋಟೆಯೂ ಇತ್ತು. ಸೊಲಾಂಜ್ ತನ್ನ ಸ್ವಂತ ಖರ್ಚಿನಲ್ಲಿ, ಹೂವಿನ ಚಿತ್ರವಿದ್ದ ಕಾರ್ಡು ಕಳುಹಿಸಿದ್ದಳು. ಮೇಲೆ ಕೈಯಲ್ಲೇ ಬಿಡಿಸಿದ ನಾಲ್ಕು ಪುಟ್ಟ ಚೌಕಗಳು, ಕೆಳಗೆ ‘ಬೇಗ ಗುಣವಾಗಿ’ ಎಂಬ ಹಾರೈಕೆ. ಅದು ತನಗೇ ಬಂದದ್ದು ಎಂದು ಮೂವರೂ ಜಗಳವಾಡಿದರು. ಕಡೆಗೆ ನಾನು ಅದನ್ನು ಆಫೀಸಿನ ಗೋಡೆಗೆ ಅಂಟಿಸಿದೆ.

ಏಪ್ರಿಲ್ ಹತ್ತಕ್ಕೆ ಸೊಲಾಂಜಳೇ ಫೋನು ಮಾಡಿದಳು. ದಾರಿಯೊಂದನ್ನು ಹುಡುಕಿದ್ದಳು. ಶರತ್ಕಾಲದ ಎರಡು ಆಪರೇಷನ್ನುಗಳೂ ತನಗೆ ಆಗಿಲ್ಲ, ತನಗೆ ಕಣ್ಣು ಕಾಣುವುದಿಲ್ಲ ಎಂದು ಆ ವ್ಯಕ್ತಿಯೇ ಬರೆದುಕೊಟ್ಟರೆ ದಾಖಲೆಯ ಕಣ್ಣುಗಳು ಹಿಂದಿನ ಸ್ಥಿತಿಗೆ ಹೋಗುತ್ತವೆ. ಆಗ ಆಪರೇಷನ್ನಿಗೆ ಜಾಗ ಸಿಗುತ್ತದೆ. ಆದರೆ ಸಹಿ, ಆಪರೇಷನ್ನಿನ ಕಾಗದಕ್ಕೆ ಸಹಿ ಹಾಕಿದ ಕೈಯದೇ ಆಗಿರಬೇಕು. ಅಂದರೆ ಅಬ್ನರಜ್ಜನದು.

“ಇನ್ನೊಂದು ವಿಷಯ” ಎಂದು ಅವಳು ದನಿ ಇಳಿಸಿದಳು. “ಬಂದೂಕಿನ ಲೈಸೆನ್ಸ್ ಕೊಡೋರೂ ಇದೇ ದಾಖಲೆ ನೋಡ್ತಾರೆ. ಕಣ್ಣು ಕಾಣದವರ ಲೈಸೆನ್ಸ್ ತಕ್ಷಣ ರದ್ದಾಗುತ್ತೆ.”

ಹೆಬ್ಬಾತುಗಳು ಬರಲು ಮೂರು ವಾರವಿತ್ತು. ಆ ಹೊತ್ತಿಗೆ ನಮ್ಮೂರಿನಲ್ಲಿ ಶಾಲೆಗೆ ಬೀಗ, ಆಫೀಸಿಗೆ ಬೀಗ, ಎಲ್ಲರೂ ಬಿಡಾರಗಳಿಗೆ ಹೋಗುತ್ತಾರೆ. ಎಪ್ಪತ್ತೊಂಬತ್ತು ವರ್ಷದ ಅಬ್ನರಜ್ಜ ಕಳೆದ ವಸಂತದಲ್ಲಿ ಕಣ್ಣು ಮಂಜಾಗಿ ಒಂದು ಹಕ್ಕಿಯನ್ನೂ ಹೊಡೆದಿರಲಿಲ್ಲ. ಈ ವಸಂತಕ್ಕೋಸ್ಕರವೇ ಅವನು ವಿಮಾನ ಹತ್ತಿ ಹೋಗಿ ಕಣ್ಣು ಕುಯ್ಯಿಸಿಕೊಂಡಿದ್ದು. ಇಷ್ಟು ಸಾಲದೆಂಬಂತೆ, ಅವನಿಗೂ ಡಿನಾಜ್ಜಿಗೂ ಮೂವತ್ತೊಂದು ವರ್ಷಗಳಿಂದ ಮಾತಿರಲಿಲ್ಲ.

ಕಾರಣ ಊರಿಗೆಲ್ಲ ಗೊತ್ತು. ಡಿನಾಜ್ಜಿಯ ಗಂಡ ಸೈಲಸ್ ತಮ್ಮ ಕೊಳದ ಹೆಬ್ಬಾತು ಬೇಟೆಗೆ ಯಜಮಾನನಾಗಿದ್ದ. ಯಾವ ದಿನ ಬಂದೂಕು ಎತ್ತಬೇಕು, ಯಾವ ದಿನ ಎತ್ತಬಾರದು ಎಂದು ಹೇಳುವವನು ಅವನೇ. ಗಾಳಿಯಿಲ್ಲದ ದಿನ ಎತ್ತಲೇಬಾರದು, ಏಕೆಂದರೆ ಸದ್ದು ಬಹುದೂರ ಹೋಗುತ್ತದೆ, ಹಕ್ಕಿಗಳು ಆ ಜಾಗವನ್ನು ನೆನಪಿಟ್ಟುಕೊಳ್ಳುತ್ತವೆ. ಎಲೆಯೂ ಅಲ್ಲಾಡದ ಒಂದು ಬೆಳಿಗ್ಗೆ ಅಬ್ನರ್ ತಾಳ್ಮೆಗೆಟ್ಟು ಗುಂಡು ಹಾರಿಸಿದ. ಹೆಬ್ಬಾತುಗಳು ಆ ಕೊಳಕ್ಕೆ ಮತ್ತೆ ಇಳಿಯಲಿಲ್ಲ. ಖಾಲಿ ಕೊಳ ನೋಡುತ್ತಲೇ ಏಳು ವಸಂತ ಕಳೆದು ಸೈಲಸ್ ತೀರಿಕೊಂಡ. ಆ ಗುಂಡು ಹಾರಿದ ದಿನದಿಂದ ಡಿನಾಜ್ಜಿಗೆ ಅಬ್ನರನಿಗೇನಾದರೂ ಹೇಳಬೇಕಾದರೆ ನಡುವೆ ಥಿರ್ಜಾಜ್ಜಿ ಬೇಕು. ಥಿರ್ಜಾಜ್ಜಿಗೆ ಬಲಗಿವಿ ಕೇಳುವುದಿಲ್ಲ.

ಮೂವರನ್ನೂ ಆಫೀಸಿಗೆ ಕರೆಸಿ, ಚಹಾ ಕೊಟ್ಟು, ವಿಷಯ ಹೇಳಿದೆ.

“ಥಿರ್ಜಾ, ಆ ಮನುಷ್ಯನಿಗೆ ಹೇಳು” ಅಂದಳು ಡಿನಾಜ್ಜಿ, ಒಂದು ಮಾರು ದೂರ ಕೂತಿದ್ದ ಅಬ್ನರಜ್ಜನ ಕಡೆ ಬೆನ್ನು ಮಾಡಿ. “ನಾನೇನೂ ಅವನ ಹತ್ರ ಬೇಡೋಕೆ ಬಂದಿಲ್ಲ.”

“ಅಬ್ನರ್, ಅವಳು ಬೇಡ್ಕೊಳ್ತಿದಾಳೆ” ಅಂದಳು ಥಿರ್ಜಾಜ್ಜಿ.

“ಬೇಡಲ್ಲ ಅಂದೆ ಕಿವುಡೀ!”

“ತುಂಬಾ ಬೇಡ್ಕೊಳ್ತಿದಾಳೆ.”

ಅಬ್ನರಜ್ಜ ಟೋಪಿಯನ್ನು ಮೊಣಕಾಲಿನ ಮೇಲಿಟ್ಟು ತಿರುಗಿಸುತ್ತಿದ್ದ. “ರೋಡಾ, ಈ ಕಾಗ್ದಕ್ಕೆ ಸಹಿ ಹಾಕಿದ್ರೆ ನಾನು ಕುರುಡ ಆಗ್ತೀನಿ. ಹೌದಾ?”

“ಕಾಗ್ದದಲ್ಲಿ ಮಾತ್ರ, ಅಜ್ಜ.”

“ಬಂದೂಕು?”

“ಅದು ನಿಜವಾಗ್ಲೂ ಹೋಗುತ್ತೆ.”

ಅವನು ಟೋಪಿ ಹಾಕಿಕೊಂಡು ಎದ್ದು ಹೋದ. ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಬಂದದ್ದು ನನ್ನ ಮೇಲೆಯೇ. ನಮ್ಮ ಅಕ್ಷರ ದಕ್ಷಿಣದವರ ಕಣ್ಣಿಗೆ ಬೀಳಲಿ ಎಂಬ ನನ್ನ ಜಂಭಕ್ಕೆ ಒಬ್ಬ ಮುದುಕಿಯ ಕಣ್ಣೋ ಒಬ್ಬ ಮುದುಕನ ಬಂದೂಕೋ ಬಲಿಯಾಗಬೇಕಿತ್ತು.

ಮರುದಿನ ಮಂಗಳವಾರ. ಪಿಪುನ್‌ಳನ್ನು ಸೊಂಟದ ಮೇಲಿಟ್ಟುಕೊಂಡು ಆಫೀಸಿನ ಬಾಗಿಲು ತೆಗೆದಾಗ ಅಬ್ನರಜ್ಜ ಮೆಟ್ಟಿಲ ಮೇಲೆ ಕೂತಿದ್ದ. ಮಗು ಹಿಮ ಮುಟ್ಟಲು ಕಾಲು ಚಾಚಿ ಕೊಸರಾಡಿತು, ನಾನು ಮೇಲೆಳೆದುಕೊಂಡೆ. ಅವನು ಆ ಕಾಲುಗಳನ್ನೇ ನೋಡಿದ.

“ಸೈಲಸ್ ಅವತ್ತು ಕೈ ಹಿಂಗೆ ಅಡ್ಡ ಹಿಡಿದಿದ್ದ, ಬೇಡ ಅಂತ. ನಾನ್ ನೋಡ್ದೆ. ನೋಡೇ ಹೊಡೆದೆ. ಕಾಣ್ಲಿಲ್ಲ ಅಂತ ಎಲ್ರಿಗೂ ಸುಳ್ ಹೇಳಿದೀನಿ. ಆ ಕಾಗ್ದ ಕೊಡು. ಕಣ್ ಕಾಣಲ್ಲ ಅಂತ ಅವತ್ತಿಂದ ಹೇಳ್ತಾನೇ ಇದೀನಿ, ಇನ್ನೊಂದ್ಸಲ ಹೇಳಿದ್ರೆ ಏನೀಗ.”

ನಮ್ಮ ಅಕ್ಷರದಲ್ಲೇ, ನಿಧಾನವಾಗಿ, ನಾಲ್ಕಕ್ಷರ ಬರೆದ. ನಾನು ಅದನ್ನು ಫ್ಯಾಕ್ಸಿನಲ್ಲಿ ಕಳುಹಿಸಿದೆ. ಅಲ್ಲಿನ ಯಂತ್ರ ಅದನ್ನೂ ನಾಲ್ಕು ಚೌಕ ಮಾಡಿಕೊಂಡಿತು. ಸಹಿ ಚೆನ್ನಾಗಿ ಹೊಂದಿಕೆಯಾಗಿದೆ ಎಂದು ಸೊಲಾಂಜ್ ಅದೇ ದಿನ ಒಪ್ಪಿಗೆ ಕೊಟ್ಟಳು. ನಾಲ್ಕನೇ ದಿನ ಅಬ್ನರಜ್ಜನ ಲೈಸೆನ್ಸು ರದ್ದಾದ ಕಾಗದ ಬಂತು. ಕುರುಡರಿಗೆ ಸರ್ಕಾರ ಕೊಡುವ ಬಿಳಿ ಕೋಲೂ ಅದರ ಜೊತೆಗೇ ಬಂತು. ಅವನು ಅದರಲ್ಲಿ ನಾಯಿ ಅಟ್ಟುತ್ತಿದ್ದ.

ಡಿನಾಜ್ಜಿ ದಕ್ಷಿಣಕ್ಕೆ ಹಾರಿಹೋಗಿ ಒಂದು ಕಣ್ಣು ಮಾಡಿಸಿಕೊಂಡು ಬಂದಳು. ಇನ್ನೊಂದು ಮುಂದಿನ ವರ್ಷಕ್ಕಂತೆ. ವಿಮಾನದಿಂದ ಇಳಿದವಳು ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ದಿಟ್ಟಿಸಿದಳು. ನನ್ನನ್ನು ನೋಡಿ “ಇಷ್ಟ್ ದಪ್ಪ ಆಗಿದೀಯಾ?” ಅಂದಳು. ದೂರದಲ್ಲಿ ಕೋಲು ಹಿಡಿದು ನಿಂತಿದ್ದವನ ಮೇಲೆ ಅವಳ ಕಣ್ಣು ಬಹಳ ಹೊತ್ತು ನಿಂತಿತು.

“ಥಿರ್ಜಾ, ಆ ಮನುಷ್ಯನಿಗೆ ಹೇಳು, ಅವನು ಮುದುಕ ಆಗಿದಾನೆ.”

“ಅಬ್ನರ್, ನೀನು ಚೆನ್ನಾಗ್ ಕಾಣ್ತಿದೀಯಂತೆ.”

ಹೊರನಡಿಗೆ ಮೇ ಮೊದಲ ವಾರ, ಬಿಡಾರದಲ್ಲೇ ಆಯಿತು. ಗುಡಾರದ ನೆಲಕ್ಕೆ ಸ್ಪ್ರೂಸ್ ಮರದ ಕೊಂಬೆ ಹಾಸಿದ್ದೆವು. ಕಸೂತಿಯ ಅಂಗಿ ತೊಟ್ಟ ಪಿಪುನ್‌ಳನ್ನು ಡಿನಾಜ್ಜಿ ಬಾಗಿಲಿನವರೆಗೆ ತಂದು ನಿಲ್ಲಿಸಿದಳು. ಎರಡು ವರ್ಷ ನೆಲಕ್ಕಾಗಿ ಒದ್ದಾಡಿದ್ದ ಮಗು ಈಗ ಕಾಲೆತ್ತಲು ಒಪ್ಪಲಿಲ್ಲ. ಹೊರಗೆ ಹೋಗುವುದೆಂದರೆ ಯಾರೋ ಎತ್ತಿಕೊಳ್ಳುವುದು ಎಂದೇ ಅದಕ್ಕೆ ಗೊತ್ತಿದ್ದದ್ದು. ಎರಡೂ ತೋಳು ಮೇಲೆತ್ತಿ “ಗೂಕುಮ್, ಗೂಕುಮ್” ಎಂದು ಅಜ್ಜಿಯನ್ನು ಕೂಗಿತು. ಡಿನಾಜ್ಜಿ ಬಗ್ಗಿ ಅದರ ಪಾದಗಳನ್ನೇ ನೋಡುತ್ತ ಕಾದಳು. ಕಡೆಗೆ ಬಲಪಾದ ಹೊಸ್ತಿಲು ದಾಟಿ, ಒದ್ದೆ ಪಾಚಿಯ ಮೇಲೆ ಬಿತ್ತು. “ಕಂಡ್ತು” ಅಂದಳು ಡಿನಾಜ್ಜಿ, ಅಷ್ಟೇ. ನಾನು ಅತ್ತೆ. ಅಬ್ನರಜ್ಜ ಜನರ ಹಿಂದೆ, ಕೊನೆಯಲ್ಲಿ ನಿಂತಿದ್ದ. ಕೈಯಲ್ಲಿ ಬಂದೂಕಿಲ್ಲದ ಅವನನ್ನು ಹೆಬ್ಬಾತು ಬರುವ ಕಾಲದಲ್ಲಿ ನಾನೆಂದೂ ನೋಡಿರಲಿಲ್ಲ.

ಎರಡು ದಿನದ ನಂತರ ಅಂಚೆ ವಿಮಾನದಲ್ಲಿ ಲೈಸೆನ್ಸು ವಾಪಸು ಬಂತು. ಒಂದು ಕಣ್ಣು ಸರಿಯಾಗಿದೆಯೆಂದು ದಾಖಲೆ ಹೇಳಿತ್ತು. ಗುರಿ ಇಡಲು ಒಂದು ಕಣ್ಣು ಸಾಕೆಂದು ಅಲ್ಲಿ ಯಾರೋ ಬುದ್ಧಿವಂತರು ತೀರ್ಮಾನಿಸಿದ್ದರು. ಹೆಸರು □□□□. ಫೋಟೋ ಮಾತ್ರ ಆಸ್ಪತ್ರೆಯಲ್ಲಿ ತೆಗೆದದ್ದು, ಕಣ್ಣಿಗೆ ಹತ್ತಿ ಅಂಟಿಸಿಕೊಂಡ ಡಿನಾಜ್ಜಿಯದು. ಲೈಸೆನ್ಸು ಇಲ್ಲದವನು ಬಂದೂಕು ಹಿಡಿಯಬೇಕಾದರೆ ಲೈಸೆನ್ಸಿನವಳು ಪಕ್ಕದಲ್ಲೇ ಕೂತು ನೋಡಿಕೊಳ್ಳಬೇಕು ಎಂಬ ನಿಯಮವನ್ನು ನಾನು ಎಲ್ಲರಿಗೂ ಓದಿ ಹೇಳಿದೆ.

ಡಿನಾಜ್ಜಿ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿದಳು. “ಥಿರ್ಜಾ, ಆ ಮನುಷ್ಯನಿಗೆ ಹೇಳು. ನಾಳೆ ಬೆಳಿಗ್ಗೆ ಸೈಲಸ್‌ನ ಕೊಳಕ್ಕೆ ಬರಲಿ.”

ಥಿರ್ಜಾಜ್ಜಿ ಈ ಸಲ ಒಂದು ಅಕ್ಷರವನ್ನೂ ಬದಲಿಸಲಿಲ್ಲ.

ಬೆಳಿಗ್ಗೆ ಕೊಳದ ಅಂಚಿನಲ್ಲಿ ಕೊಂಬೆಗಳ ಮರೆ ಕಟ್ಟಿ ಮೂವರು ಕೂತೆವು: ಡಿನಾಜ್ಜಿ, ಅಬ್ನರಜ್ಜ, ಹಿಂದೆ ಚಹಾದ ಕೆಟಲ್ ಹಿಡಿದು ನಾನು. ಥಿರ್ಜಾಜ್ಜಿ ಬಿಡಾರದಲ್ಲೇ ಒಲೆ ನೋಡಿಕೊಳ್ಳುತ್ತ ಉಳಿದಿದ್ದಳು. ಗಾಳಿ ಸತ್ತಂತಿತ್ತು. ಆಗ ದಕ್ಷಿಣದಿಂದ ಹತ್ತು ಹನ್ನೆರಡು ಹೆಬ್ಬಾತುಗಳು ಬಂದವು. ಅಬ್ನರಜ್ಜ ಬಾಯಿಗೆ ಕೈ ಹಿಡಿದು ಅವುಗಳ ದನಿಯಲ್ಲೇ ಕರೆದ. ಅವು ಒಂದು ಸುತ್ತು ಹಾಕಿ, ರೆಕ್ಕೆ ಬಾಗಿಸಿ, ಮೂವತ್ತೊಂದು ವರ್ಷ ಖಾಲಿಯಿದ್ದ ನೀರಿಗೆ ಇಳಿದುಬಿಟ್ಟವು. ಬಂದೂಕು ಅಬ್ನರಜ್ಜನ ಕೈಯಲ್ಲೇ ಇತ್ತು. ಅವನು ಎತ್ತಲಿಲ್ಲ. ಡಿನಾಜ್ಜಿಯ ಕಡೆ ನೋಡಿದ.

ಅವಳು ನನ್ನ ಕಡೆ ತಿರುಗಿದಳು. “ರೋಡಾ, ಆ ಮನುಷ್ಯನಿಗೆ ಹೇಳು...”

ನನಗೆ ರೇಗಿಹೋಯಿತು. “ನಾನ್ ಹೇಳಲ್ಲ. ಸರ್ಕಾರದ ಪ್ರಕಾರ ನೀವಿಬ್ರೂ ಒಬ್ರೇ. ನಿಮಗ್ ನೀವೇ ಹೇಳ್ಕೊಳಿ.”

ಡಿನಾಜ್ಜಿ ಕೊಳದ ಕಡೆ ತಿರುಗಿದಳು. ನಾವು ಕಾದೆವು. ಚಹಾ ತಣ್ಣಗಾಯಿತು. ಹೆಬ್ಬಾತುಗಳು ನೀರಿನಲ್ಲಿ ತಲೆ ಮುಳುಗಿಸಿ ಆರಾಮವಾಗಿ ಮೇಯುತ್ತಿದ್ದವು. ಬಹಳ ಹೊತ್ತಿನ ಮೇಲೆ ಜೊಂಡಿನ ತುದಿ ಅಲ್ಲಾಡಿತು, ಆಮೇಲೆ ನೀರು ಸುಕ್ಕುಗಟ್ಟಿತು, ಆಮೇಲೆ ಮರಗಳು ಸದ್ದು ಮಾಡಿದವು. ಅವಳು ಅವನ ತೋಳಿನ ಮೇಲೆ ಕೈಯಿಟ್ಟಳು.

“ಅಬ್ನರ್, ಈಗ.”

ಅಬ್ನರಜ್ಜ ಬಂದೂಕೆತ್ತಿದ. ಗುಂಡು ಹಾರಲಿಲ್ಲ.

“ಏನಯ್ಯಾ, ಕುರುಡನಾ ನೀನು?” ಎಂದು ಅವಳು ಪಿಸುಗುಟ್ಟಿದಳು.

“ಹೌದು ಡಿನಾ. ಬರ್ಕೊಟ್ಟಿದೀನಲ್ಲ.” ಅವನ ಕೆನ್ನೆಯೆಲ್ಲ ಒದ್ದೆಯಾಗಿತ್ತು.

“ಹಂಗಾದ್ರೆ ಕೊಡಿಲ್ಲಿ.”

ಅವಳು ಕಾಣದ ಕಣ್ಣನ್ನು ಮುಚ್ಚಿದಳು. ನಳಿಗೆಯ ಭಾರ ಅವಳ ಕೈಗೆ ಹೆಚ್ಚಾಯಿತೆಂದು ಅವನು ಕೆಳಗಿನಿಂದ ಎತ್ತಿ ಹಿಡಿದ. ಗುಂಡಿನ ಸದ್ದನ್ನು ಗಾಳಿ ನುಂಗಿತು. ಒಂದು ಹೆಬ್ಬಾತು ಬಿತ್ತು. ಉಳಿದವು ಮೇಲೆದ್ದು ಒಂದು ಸುತ್ತು ಹಾಕಿ, ಕೊಳದ ಆಚೆ ದಡದಲ್ಲಿ ಮತ್ತೆ ಇಳಿದವು.

ಬಿಡಾರಕ್ಕೆ ಬಂದಾಗ ಥಿರ್ಜಾಜ್ಜಿ ಹಕ್ಕಿಯನ್ನು ಎತ್ತಿ ತೂಗಿ ನೋಡಿದಳು. “ಯಾರ್ ಹೊಡೆದಿದ್ದು?”

“ನಾನು” ಅಂದಳು ಡಿನಾಜ್ಜಿ.

“ನಾನು” ಅಂದ ಅಬ್ನರಜ್ಜ.

ಥಿರ್ಜಾಜ್ಜಿ ನನ್ನ ಕಡೆ ನೋಡಿದಳು. ದಾಖಲೆ ನೋಡಿಕೊಳ್ಳುವವಳು ನಾನೇ ಅಲ್ಲವೇ? ಇಬ್ಬರೂ ನಿಜ ಹೇಳುತ್ತಿದ್ದಾರೆ ಎಂದೆ.